ದೇವರ ಪಾದದಲ್ಲಿ ಹದಿನೈದು ದಿನ

೨೦೧೭ರ ಫೆಬ್ರವರಿಯಲ್ಲಿ ನಾನು ರಾಯಚೂರಿನಿಂದ ಹೊರಡುವ ಒಂದು ಕನ್ನಡ ದಿನಪತ್ರಿಕೆಯ ಗಡಿ ವರದಿಗಾರನಾಗಿ ಮಕ್ತಲ್‌ನಲ್ಲಿದ್ದೆ. ಮಕ್ತಲ್, ನಾರಾಯಣಪೇಟೆ, ಗದ್ವಾಲ ಮತ್ತು ಅವುಗಳ ನಡುವಿನ ಹಳ್ಳಿಗಳು ನನ್ನ ವ್ಯಾಪ್ತಿ. ತೆಲಂಗಾಣ ರಾಜ್ಯಕ್ಕೆ ಆಗ ಮೂರು ವರ್ಷ ತುಂಬಿರಲಿಲ್ಲ. ಹಿಂದಿನ ದಸರೆಗೆ ಗದ್ವಾಲ ಜಿಲ್ಲಾ ಕೇಂದ್ರವಾಗಿತ್ತು. ನಾರಾಯಣಪೇಟೆಗೆ ಆ ಭಾಗ್ಯ ಇನ್ನೂ ಬಂದಿರಲಿಲ್ಲವಾದ್ದರಿಂದ ಅಲ್ಲಿನ ಧರಣಿ, ಬಂದ್‌ಗಳೇ ನನಗೆ ವಾರದ ಸುದ್ದಿ.

ಹೊಸ ರಾಜ್ಯದಲ್ಲಿ ಸರ್ಕಾರಿ ನೌಕರರ ವೇತನ ಪರಿಷ್ಕರಣೆಯಾಗಿ, ನಿವೃತ್ತರಾದವರ ಕೈಗೆ ಹಿಂದೆಂದೂ ಕಾಣದಷ್ಟು ಹಣ ಒಮ್ಮೆಲೇ ಬರತೊಡಗಿತ್ತು. ಅದರ ಬೆನ್ನಿಗೇ ಬೋರ್ಡುಗಳು ಬಂದವು. ಗದ್ವಾಲಕ್ಕೆ ಹೋಗುವ ರಸ್ತೆಯಲ್ಲಿ ನಿನ್ನೆಯವರೆಗೆ ಬೀಜ, ಗೊಬ್ಬರ ಮಾರುತ್ತಿದ್ದ ಮಳಿಗೆಗಳ ಮೇಲೆ ‘ಫೈನಾನ್ಷಿಯಲ್ ಅಡ್ವೈಸರ್’ ಎಂಬ ಅಕ್ಷರಗಳು ಕಾಣಿಸಿದವು. ವೈದ್ಯ ಎಂದು ಬೋರ್ಡು ಹಾಕಿದವನನ್ನು ಆರೋಗ್ಯಾಧಿಕಾರಿ ಎಂದಾದರೊಮ್ಮೆ ಬಂದು ಕೇಳುತ್ತಾನೆ. ಈ ಬೋರ್ಡು ಹಾಕಿದವರನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ.

ನಾನಿದ್ದ ಓಣಿಯಲ್ಲಿಯೇ ಶಾಂತಮ್ಮ ಇದ್ದರು, ಎ.ಎನ್.ಎಂ. ಆಗಿದ್ದವರು. ಎ.ಎನ್.ಎಂ. ಎಂದರೆ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ, ಲಸಿಕೆ ಹಾಕುವ ಸರ್ಕಾರಿ ನರ್ಸ್. ಅವರು ಆ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿ ನಿವೃತ್ತರಾಗಿದ್ದರು. ಜೂರಾಲ ಕಡೆಯ ಹಳ್ಳಿಗಳಿಂದ ಹಿಡಿದು ಮಕ್ತಲ್ ಪೇಟೆಯವರೆಗೆ ಅರ್ಧ ಜನ ಅವರ ಕೈಯಲ್ಲಿಯೇ ಭೂಮಿಗೆ ಬಂದವರು. ಎರಡು ಕೋಣೆಯ ಒಂದು ಮನೆಯಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಬಾಡಿಗೆಗಿದ್ದರು. ಹೈದರಾಬಾದಿನಲ್ಲಿದ್ದ ಮಾಲೀಕ ಅದನ್ನು ಅವರಿಗೇ ಮಾರಲು ಒಪ್ಪಿದ್ದ. ಯುಗಾದಿಯೊಳಗೆ ಬಾಕಿ ಆರು ಲಕ್ಷ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಅಂಗಡಿ ಸಾಲು ಕಟ್ಟಿಸುವವನೊಬ್ಬ ಕಾಯುತ್ತಿದ್ದಾನೆ ಎಂಬುದು ಮಾಲೀಕನ ಮಾತು. ಅದೇ ಆರು ಲಕ್ಷ ಅವರಿಗೆ ನಿವೃತ್ತಿಯ ಹಣವಾಗಿ ಬಂದಿತ್ತು.

ಶಿವರಾತ್ರಿಗೆ ಎರಡು ದಿನವಿತ್ತು, ಬುಧವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಾಂತಮ್ಮ ಪೇಟೆಯಲ್ಲಿದ್ದ ನನ್ನ ಕಚೇರಿಗೆ ಬಂದು ಮೊಬೈಲ್ ಮುಂದೆ ಹಿಡಿದರು.

“ತಮ್ಮಾ, ಇದೊಂಚೂರು ಓದ್ರಿ. ‘ಡೆಲಿವರ್ಡ್’ ಅಂತ ಐತಿ. ಅದು ನಂದ ಡಿಪಾರ್ಟ್‌ಮೆಂಟು, ತಿಳೀತು. ಮುಂದಿಂದು ತಿಳೀವಲ್ದು. ಯುಗಾದಿಗೆ ರೊಕ್ಕ ಯಾವ ತಾರೀಖಿಗೆ ಕೊಡ್ತಾರಂತ?”

ಅದು ಒಂದು ವಿಮಾ ಕಂಪನಿ ಕಳಿಸಿದ ಸಂದೇಶ. ನಿಮ್ಮ ಪಾಲಿಸಿ ಪತ್ರ ಇಂಥ ದಿನ ನಿಮಗೆ ತಲುಪಿದೆ, ವಾರ್ಷಿಕ ಕಂತು ಆರು ಲಕ್ಷ, ಕಂತು ಕಟ್ಟುವ ಅವಧಿ ಹತ್ತು ವರ್ಷ, ಷರತ್ತುಗಳು ಒಪ್ಪಿಗೆಯಾಗದಿದ್ದರೆ ತಲುಪಿದ ಹದಿನೈದು ದಿನದೊಳಗೆ ಮರಳಿಸಬಹುದು ಎಂದಿತ್ತು. ನಾನು ಎರಡು ಸಲ ಓದಿದೆ. ಇದು ಠೇವಣಿಯಲ್ಲ, ಪ್ರತಿ ವರ್ಷ ಆರು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕಾದ ಪಾಲಿಸಿ ಎಂದು ಹೇಳಿದೆ. ಶಾಂತಮ್ಮನ ಇಡೀ ವರ್ಷದ ಪಿಂಚಣಿ ಕೂಡಿಸಿದರೂ ಆರು ಲಕ್ಷ ಮುಟ್ಟುವುದಿಲ್ಲ.

ಅವರು ಕುರ್ಚಿಯಲ್ಲಿ ಕುಳಿತರು. “ಎರಡ ತಿಂಗಳ ಇಡಾಕ ಕೊಟ್ಟೀನಿ ನಾನು,” ಎಂದರು. “ಚಂದ್ರಶೇಖರಪ್ಪಗ ಬಿಡಿಸಿ ಹೇಳೀನಿ. ಬ್ಯಾಂಕಿಗಿಂತ ಚಲೋ ಜಾಗಾ ಐತ್ರಿ ಅಕ್ಕಾರ ಅಂದ.”

ಚಂದ್ರಶೇಖರಪ್ಪ ನಾರಾಯಣಪೇಟೆಯ ಸೀರೆ ವ್ಯಾಪಾರದ ಮನೆಯವರು. ಎರಡು ವರ್ಷದ ಹಿಂದೆ ಮಕ್ತಲ್ ಪೇಟೆಯಲ್ಲಿ ಕಚೇರಿ ತೆರೆದಿದ್ದರು. ಬೋರ್ಡಿನ ಮೇಲೆ ತೆಲುಗು, ಇಂಗ್ಲಿಷ್, ಕನ್ನಡ ಮೂರರಲ್ಲೂ ‘ಸ್ವತಂತ್ರ ಆರ್ಥಿಕ ಸಲಹೆಗಾರ’ ಎಂದು ಬರೆಸಿದ್ದರು.

“ಪಾಲಿಸಿ ಬಾಂಡ್ ಎಲ್ಲಿದೆ ಅಕ್ಕಾ?”

“ಪೂಜಿಗೆ ಇಟ್ಟಾರ. ಶಿವರಾತ್ರಿ ಅಮಾಸಿ ಆದಮ್ಯಾಲೆ ಕೊಡ್ತಾರ.”

ಇಲ್ಲಿ ಒಂದು ಮಾತು ವಿವರಿಸಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕ, ಹೊಸ ತಕ್ಕಡಿ, ಜಮೀನಿನ ಕಾಗದ ಏನೇ ಬಂದರೂ ಮೊದಲು ದೇವರ ಪಾದದ ಮೇಲಿಟ್ಟು, ವಿಭೂತಿ ಹಚ್ಚಿ, ಅಮಾವಾಸ್ಯೆಯ ಪೂಜೆಯಾದ ಮೇಲೆಯೇ ಬಳಸುತ್ತಾರೆ. ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ. ಚಂದ್ರಶೇಖರಪ್ಪ ಗಿರಾಕಿಗಳ ಪಾಲಿಸಿ ಪತ್ರಗಳಿಗೂ ಇದನ್ನೇ ಮಾಡುತ್ತಿದ್ದರು. ಜನಕ್ಕೆ ಅದು ಹಿಡಿಸಿತ್ತು. ನಮ್ಮ ದುಡ್ಡಿಗೆ ಇಷ್ಟು ಭಕ್ತಿ ತೋರಿಸುವವನು ಇನ್ನಾರು ಎಂದುಕೊಂಡಿದ್ದರು.

ಹದಿನೈದು ದಿನದ ಈ ಅವಕಾಶಕ್ಕೆ ವಿಮೆಯ ಭಾಷೆಯಲ್ಲಿ ಫ್ರೀ-ಲುಕ್ ಎನ್ನುತ್ತಾರೆ. ಪತ್ರ ಕೈಗೆ ಬಂದ ಮೇಲೆ ಓದಿ ನೋಡಿ, ಬೇಡವೆನಿಸಿದರೆ ಮರಳಿಸಿ, ಅಲ್ಪಸ್ವಲ್ಪ ಖರ್ಚು ಕಳೆದು ಹಣ ವಾಪಸ್ ಪಡೆಯುವ ಹಕ್ಕು ಅದು. ಮರಳಿಸಿದರೆ ಏಜೆಂಟನಿಗೆ ಬಂದ ಕಮಿಷನ್ ಹೋಗುತ್ತದೆ. ಶಾಂತಮ್ಮನ ಹದಿನೈದನೆಯ ದಿನ ಶುಕ್ರವಾರಕ್ಕೆ ಬೀಳುತ್ತಿತ್ತು. ಶುಕ್ರವಾರ ಶಿವರಾತ್ರಿ, ಕಚೇರಿಗೆ ರಜೆ. ಅಮಾವಾಸ್ಯೆ ಭಾನುವಾರ. ಅಂದರೆ ಅಂದು ಬಿಟ್ಟರೆ ಉಳಿದದ್ದು ಗುರುವಾರ ಒಂದೇ ದಿನ.

ನಾನು ರಾಯಚೂರಿಗೆ ಫೋನ್ ಮಾಡಿ ಸುದ್ದಿ ಸಂಪಾದಕರಿಗೆ ವಿಷಯ ತಿಳಿಸಿದೆ. ಈಕೆಗೆ ಪಾಲಿಸಿ ಮರಳಿಸುವ ಅರ್ಜಿ ಟೈಪ್ ಮಾಡಿಕೊಟ್ಟರೆ ನಾನು ಈ ಸುದ್ದಿಯಲ್ಲಿ ಹೊರಗಿನವನಾಗಿ ಉಳಿಯುವುದಿಲ್ಲ, ಏನು ಮಾಡಲಿ ಎಂದು ಕೇಳಿದೆ. “ಟೈಪ್ ಮಾಡಿ ಕೊಡು. ಮಾಡಿಕೊಟ್ಟೆ ಅಂತ ಸುದ್ದಿಯಲ್ಲೂ ಬರಿ. ಆದರೆ ಅವರ ಪರವಾಗಿ ಮಾತಾಡಬೇಡ,” ಎಂದರು. ಆ ನಿಯಮವನ್ನು ಕೊನೆಯವರೆಗೂ ಪಾಲಿಸಿದೆ.

ಹನ್ನೆರಡೂವರೆಗೆ ನಾವು ಚಂದ್ರಶೇಖರಪ್ಪನವರ ಕಚೇರಿಯಲ್ಲಿದ್ದೆವು. ಗೋಡೆಯ ಗೂಡಿನಲ್ಲಿ ಲಿಂಗ, ಅದರ ಕೆಳಗೆ ಬಿಲ್ವಪತ್ರೆ ಹೊದ್ದ ಲಕೋಟೆಗಳ ಒಂದು ಕಟ್ಟು. ಎಣಿಸಿದೆ, ಹನ್ನೊಂದಿದ್ದವು.

“ಬರ್ರಿ ಅಕ್ಕಾರ, ಕುಂದರ್ರಿ. ಏ, ಚಾ ಹೇಳ್ರಿ ಸಿಸ್ಟರಮ್ಮಗ. ಪೇಪರ್ನೋರೂ ಬಂದಾರ!”

“ಚಾ ಬ್ಯಾಡಪ. ನನ್ನ ಬಾಂಡ್ ಕೊಡು.”

ಅವರ ಮುಖದ ನಗು ಹಾಗೇ ಇತ್ತು. “ಇನ್ನ ನಾಕ ದಿನ ತಡೀರಿ ಅಕ್ಕಾರ. ಶಿವರಾತ್ರಿ ಮುಂದಿಟ್ಕೊಂಡು ದೇವರ ಪಾದದ ಮ್ಯಾಲಿಂದ ತೆಗಿತಾರೇನ್ರಿ? ನಿಮಗ ತಿಳೀದ್ದಲ್ಲ. ನಾ ನನ್ನ ಸಲುವಾಗಿ ಹೇಳೂದಿಲ್ರಿ, ನಿಮ್ಮ ಒಳ್ಳೇದಕ್ಕ.”

ಶಾಂತಮ್ಮ ಸೋಮವಾರ ಒಪ್ಪೊತ್ತು ಮಾಡುವವರು, ಕೊರಳಲ್ಲಿ ಲಿಂಗ ಕಟ್ಟಿದವರು. ಗೂಡಿನತ್ತ ನೋಡಿ ಕಣ್ಣು ಕೆಳಗೆ ಹಾಕಿದರು. ನಾನು ನನ್ನ ಕೆಲಸದ ಪ್ರಶ್ನೆ ಕೇಳಿದೆ: ಸಲಹೆಗಾರರಾಗಿ ನಿಮ್ಮ ನೋಂದಣಿ ಸಂಖ್ಯೆ ಏನು?

“ಗ್ವಾಡಿ ಮ್ಯಾಲೆ ಎಲ್ಲಾ ಐತಲ್ರಿ,” ಎಂದರು.

ಗೋಡೆಯ ಮೇಲೆ ನಾಲ್ಕು ಚೌಕಟ್ಟುಗಳಿದ್ದವು. ಒಂದು, ಅತಿ ಹೆಚ್ಚು ಪಾಲಿಸಿ ಮಾರಿದ್ದಕ್ಕೆ ಬ್ಯಾಂಕಾಕ್ ಪ್ರವಾಸ ಕೊಟ್ಟ ಅಭಿನಂದನಾ ಪತ್ರ. ಇನ್ನೊಂದು, ಯಾವುದೋ ಹೋಟೆಲಿನಲ್ಲಿ ನಡೆದ ಒಂದು ದಿನದ ಮಾರಾಟ ತರಬೇತಿಯದು. ಮೂರನೆಯದರ ಮೇಲೆ ದಸರೆಯ ವಿಭೂತಿ ದಪ್ಪಗೆ ಬಳಿದಿತ್ತು. ಕರವಸ್ತ್ರದಿಂದ ಒರೆಸಲೇ ಎಂದು ಅನುಮತಿ ಕೇಳಿ ಒರೆಸಿದೆ. ಒಂದು ವಿಮಾ ಕಂಪನಿಯ ಪಾಲಿಸಿಗಳನ್ನು ಮಾರಲು ಅದೇ ಕಂಪನಿ ಕೊಟ್ಟ ಏಜೆಂಟ್ ಪರವಾನಗಿ ಅದು. ಅದನ್ನು ಪಡೆಯಲು ಹತ್ತನೆಯ ತರಗತಿ ಪಾಸಾಗಿ, ಕೆಲವೇ ದಿನದ ತರಬೇತಿ ಮುಗಿಸಿ, ಸರಿಯುತ್ತರಕ್ಕೆ ಗುರುತು ಹಾಕುವ ಒಂದು ಪರೀಕ್ಷೆ ಬರೆದರೆ ಸಾಕು. ಅದು ಮಾರುವ ಪರವಾನಗಿ. ಹೂಡಿಕೆಯ ಸಲಹೆ ಕೊಡುವುದು ಬೇರೆಯೇ ವೃತ್ತಿ. ಅದಕ್ಕೆ ಪದವಿ ಬೇಕು, ಅನುಭವ ಬೇಕು, ಬೇರೆ ಪರೀಕ್ಷೆಗಳನ್ನು ಬರೆಯಬೇಕು, ಮಾರುಕಟ್ಟೆಯ ನಿಯಂತ್ರಕರಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೂ, ಗಿರಾಕಿಯ ವಯಸ್ಸು, ಆದಾಯ, ಹಣ ಯಾವಾಗ ಬೇಕು ಎಂಬುದನ್ನೆಲ್ಲ ಕೇಳಿ ಬರೆದುಕೊಂಡೇ ಸಲಹೆ ಕೊಡಬೇಕು. ಬೋರ್ಡಿನಲ್ಲಿದ್ದದ್ದು ಮೂರು ಪದ. ಒಂದೇ ಕಂಪನಿಗೆ ಕಟ್ಟುಬಿದ್ದವರು ಸ್ವತಂತ್ರರಲ್ಲ. ಈ ಪರವಾನಗಿಯವರು ಸಲಹೆಗಾರರೂ ಅಲ್ಲ. ಉಳಿದದ್ದು ‘ಆರ್ಥಿಕ’ ಎಂಬ ಪದ. ಅದು ಯಾರ ಆರ್ಥಿಕತೆಗೆ ಸಂಬಂಧಿಸಿದ್ದು ಎಂಬುದು ಸ್ಪಷ್ಟವಿತ್ತು.

ನಾಲ್ಕನೆಯ ಚೌಕಟ್ಟನ್ನು ನೋಡಿ ನಾನು ನಿಂತುಬಿಟ್ಟೆ. ಅದು ನಮ್ಮ ಪತ್ರಿಕೆಯ ತುಣುಕು. ಹಿಂದಿನ ವರ್ಷ ನಾರಾಯಣಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ‘ಉಳಿತಾಯ ಜಾಗೃತಿ ಶಿಬಿರ’ದ ಸುದ್ದಿ. ಚಿತ್ರದ ಕೆಳಗೆ ‘ಸ್ವತಂತ್ರ ಆರ್ಥಿಕ ಸಲಹೆಗಾರ ಚಂದ್ರಶೇಖರಪ್ಪ ಮಾತನಾಡಿದರು’ ಎಂದಿತ್ತು. ಆ ಸಾಲು ನನ್ನದು. ಅವರು ಕೊಟ್ಟ ವಿಸಿಟಿಂಗ್ ಕಾರ್ಡ್ ನೋಡಿ ಬರೆದಿದ್ದೆ. ಒಬ್ಬರನ್ನು ಡಾಕ್ಟರ್ ಎಂದು ಬರೆಯುವ ಮೊದಲು ಯಾವ ಡಾಕ್ಟರ್ ಎಂದು ಕೇಳುವುದು, ವಕೀಲರೆಂದರೆ ಯಾವ ಕೋರ್ಟು ಎಂದು ಕೇಳುವುದು ನಮ್ಮ ಸುದ್ದಿಮನೆಯ ರೂಢಿ. ಇಲ್ಲಿ ಕೇಳಿರಲಿಲ್ಲ.

ಶಾಂತಮ್ಮ ನನ್ನ ನೋಟ ಎಲ್ಲಿದೆ ಎಂದು ಗಮನಿಸಿದರು. “ಅದನ್ನ ನೋಡೇ ನಾ ರೊಕ್ಕ ಕೊಟ್ಟದ್ದು ತಮ್ಮಾ,” ಎಂದರು. “ನೀವು ಸುಳ್ಳು ಬರೆಯಂಗಿಲ್ಲಂತ.”

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಚಂದ್ರಶೇಖರಪ್ಪ ಇನ್ನೂ ಅಮಾವಾಸ್ಯೆಯ ಮಾತನ್ನೇ ಆಡುತ್ತಿದ್ದರು. “ಅಮಾಸಿ ಮುಂಚೆ ತಗದ್ರ ಏನರ ಹೆಚ್ಚುಕಮ್ಮಿ ಆದ್ರ ನನ್ನ ಮ್ಯಾಲೆ ಬರಬಾರ್ದ್ ನೋಡ್ರಿ.”

ಶಾಂತಮ್ಮ ಎದ್ದರು. “ಚಂದ್ರಣ್ಣ, ಮೂವತ್ತೊಂದು ವರ್ಷದಾಗ ಅಮಾಸಿ ದಿನ ಎಷ್ಟು ಹೆರಿಗಿ ಮಾಡೀನಿ ಗೊತ್ತೈತೇನು? ಅಮಾಸಿ ಮುಗಿಯೂತನ ತಡಿಯವಾ ಅಂತ ಯಾ ಬಸರಿಗೂ ಹೇಳಿಲ್ಲ. ತಡದಿದ್ರ ತಾಯಿನೂ ಇರ್ತಿರ್ಲಿಲ್ಲ, ಕೂಸೂ ಇರ್ತಿರ್ಲಿಲ್ಲ. ಶಿವ ನನಗ ಸಿಟ್ಟಾಗಿಲ್ಲ. ಈಗೂ ಆಗಂಗಿಲ್ಲ.”

ಚಪ್ಪಲಿ ಬಿಟ್ಟು, ಗೂಡಿಗೆ ಕೈ ಮುಗಿದು, ಬಿಲ್ವಪತ್ರೆ ಸರಿಸಿ, ಲಕೋಟೆಗಳನ್ನು ಒಂದೊಂದಾಗಿ ನೋಡಿದರು. ಏಳನೆಯದು ಅವರದು. ಉಳಿದವನ್ನು ಇದ್ದ ಹಾಗೇ ಜೋಡಿಸಿಟ್ಟರು. ಚಂದ್ರಶೇಖರಪ್ಪ ಎದ್ದು ನಿಂತರೇ ಹೊರತು ತಡೆಯಲು ಮುಂದೆ ಬರಲಿಲ್ಲ. ಅವರ ಹೆಂಡತಿಯ ತವರು ಮಕ್ತಲ್, ಇಬ್ಬರು ಮಕ್ಕಳೂ ಶಾಂತಮ್ಮನ ಕೈಯಲ್ಲಿ ಹುಟ್ಟಿದವರು.

ಹೊರಗೆ ಬಂದು ಲಕೋಟೆ ನೋಡಿದಾಗ ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ‘೨೪’ ಎಂದು ಬರೆದು ಸುತ್ತು ಹಾಕಿತ್ತು. ಶುಕ್ರವಾರದ ತಾರೀಖು ಇಪ್ಪತ್ನಾಲ್ಕು. ಹದಿನೈದನೆಯ ದಿನ.

“ಎಲ್ಲಾದರ ಮ್ಯಾಲೂ ಹಿಂಗ ಇತ್ತು,” ಎಂದರು ಶಾಂತಮ್ಮ. ಹೆಸರುಗಳನ್ನೂ ಅಂಕಿಗಳನ್ನೂ ಅವರು ಓದಿಕೊಂಡಿದ್ದರು. ಲಸಿಕೆಯ ಪಟ್ಟಿ ಬಾಯಿಪಾಠ ಇಟ್ಟುಕೊಂಡವರಿಗೆ ಅದು ಕಷ್ಟವಲ್ಲ. ಹನ್ನೊಂದರಲ್ಲಿ ಎಂಟರ ತಾರೀಖು ಆಗಲೇ ಮುಗಿದಿತ್ತು. ಎರಡರ ಮೇಲೆ ಇಪ್ಪತ್ತೇಳು, ಅಂದರೆ ಸೋಮವಾರ, ಅಮಾವಾಸ್ಯೆಯ ಮರುದಿನ. ಚಂದ್ರಶೇಖರಪ್ಪನವರ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಪ್ರತಿ ಬಾಂಡಿನ ಕೊನೆಯ ದಿನವನ್ನು ಅವರು ಲೆಕ್ಕ ಹಾಕಿ ಬರೆದಿಟ್ಟುಕೊಂಡಿದ್ದರು ಎಂಬುದಷ್ಟೇ ದಾಖಲೆಯ ಮಾತು. ಪೆನ್ಸಿಲಿನ ಅಂಕಿಯನ್ನು ದೇವರು ಬರೆಯುವುದಿಲ್ಲ.

ಒಳಗಿದ್ದ, ಪಾಲಿಸಿಗಾಗಿ ಚಂದ್ರಶೇಖರಪ್ಪ ತುಂಬಿದ್ದ ಅರ್ಜಿಯ ಪ್ರತಿ ಇನ್ನೂ ಕೆಟ್ಟದಾಗಿತ್ತು. ನಿವೃತ್ತ ನರ್ಸ್ ಅದರಲ್ಲಿ ಜವಳಿ ವ್ಯಾಪಾರಿಯಾಗಿದ್ದರು. ವಾರ್ಷಿಕ ಆದಾಯ ಹದಿನೆಂಟು ಲಕ್ಷ. ಉದ್ದೇಶ, ದೀರ್ಘಾವಧಿಯ ಸಂಪತ್ತು. ವಿಳಾಸ, ಚಂದ್ರಶೇಖರಪ್ಪನವರ ಕಚೇರಿಯದು, ಹಾಗಾಗಿಯೇ ಬಾಂಡು ಅಲ್ಲಿಗೆ ತಲುಪಿ ಶಾಂತಮ್ಮನಿಗೆ ‘ತಲುಪಿತ್ತು’. ಕನ್ನಡದಲ್ಲಿ ಮಾಡಿದ ಅವರ ಸಹಿಯ ಕೆಳಗೆ, ಎಲ್ಲ ಷರತ್ತುಗಳನ್ನೂ ನನ್ನ ಭಾಷೆಯಲ್ಲಿ ವಿವರಿಸಿದ್ದಾರೆ ಎಂಬ ಒಪ್ಪಿಗೆ ಇಂಗ್ಲಿಷಿನಲ್ಲಿತ್ತು.

ಅಂದು ಸಂಜೆ ಪಾಲಿಸಿ ಮರಳಿಸುವ ಅರ್ಜಿ ಟೈಪ್ ಮಾಡಿಕೊಟ್ಟೆ. ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಗದ್ವಾಲಕ್ಕೆ ಹೊರಟೆವು. ಜೂರಾಲ ಅಣೆಕಟ್ಟೆಯ ಮೇಲೆ ಬಸ್ಸು ನಿಧಾನವಾದಾಗ ಶಾಂತಮ್ಮ ನೀರಿನ ಕಡೆ ನೋಡಲಿಲ್ಲ, ಚೀಲವನ್ನು ಎರಡೂ ಕೈಯಿಂದ ಹಿಡಿದಿದ್ದರು. ವಿಮಾ ಕಂಪನಿಯ ಶಾಖೆ ಹೊಸ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ನಾನು ವರದಿಗಾರ ಎಂದು ಮ್ಯಾನೇಜರಿಗೆ ಪರಿಚಯ ಹೇಳಿ, ನೋಟ್‌ಪುಸ್ತಕ ತೆಗೆದು ಮೂಲೆಯ ಕುರ್ಚಿಯಲ್ಲಿ ಕುಳಿತೆ.

ಮ್ಯಾನೇಜರ್ ಮೂವತ್ತು ದಾಟದ ಯುವಕ. ಅರ್ಜಿ ಓದಿ, ನಲವತ್ತು ನಿಮಿಷ ಈ ಪಾಲಿಸಿ ಎಷ್ಟು ಒಳ್ಳೆಯದು ಎಂದು ತೆಲುಗಿನಲ್ಲಿ ವಿವರಿಸಿದ. ಕೊನೆಗೆ, “ಸೋಮವಾರಂ ರಂಡಮ್ಮಾ, ಸೋಮವಾರ ಬನ್ನಿ. ಇವತ್ತು ಸಹಿ ಮಾಡೋರು ಇಲ್ಲ,” ಎಂದ.

“ಸೋಮವಾರ ಬಂದ್ರ ಹದಿನೆಂಟ ದಿನ ಆಗತೈತಪ್ಪ. ಇಲ್ಲಿ ಸೀಲ್ ಐತಿ, ನಿನ್ನ ಮುಂದ ಐತಿ. ಹೊಡಿ.”

“ಅಮ್ಮಾ, ಮೀರೇ ಸಂತಕಂ ಪೆಟ್ಟಾರು ಕದಾ. ನಿಮ್ಮದೇ ಸಹಿ. ನಮ್ಮ ಅಡ್ವೈಸರ್ ಎಲ್ಲಾ ಹೇಳಿರ್ತಾರೆ.”

ಅಡ್ವೈಸರ್ ಎಂಬ ಮಾತಿಗೆ ಶಾಂತಮ್ಮ ತಲೆ ಎತ್ತಿದರು. ಅವರ ದನಿ ಏರಲಿಲ್ಲ. ನಾನು ಬರೆದುಕೊಂಡದ್ದನ್ನು ಹಾಗೆಯೇ ಕೊಡುತ್ತೇನೆ.

“ಏನಪಾ, ನಾ ಒಂದು ಸೂಜಿ ಚುಚ್ಚಾಕ ಒಂದೂವರಿ ವರ್ಷ ಕಲಿತೀನಿ. ಪರೀಕ್ಷಾ ಬರದೀನಿ. ನನ್ನ ರಿಜಿಸ್ಟ್ರೇಷನ್ ನಂಬರ್ ಕೇಳು, ನಿದ್ದಿಗಣ್ಣಾಗೂ ಹೇಳ್ತೀನಿ. ಯಾವ ಸೂಜಿ, ಯಾರಿಗೆ, ಎಷ್ಟು ಹೊತ್ತಿಗೆ ಅಂತ ರಿಜಿಸ್ಟರ್‌ನ್ಯಾಗ ಬರೀಬೇಕು. ತಪ್ಪಾದ್ರ ನೌಕರಿ ಹೋಗ್ತಿತ್ತು. ಇದು ನನ್ನ ಜನ್ಮದ ಗಳಿಕಿ. ಇದಕ್ಕ ಕೈ ಹಾಕಿದಾವಗ ಏನು ಕಲಿತೀಯಪಾ ಅಂತ ನಿಮ್ಮ ಆಫೀಸ್ನಾಗ ಒಬ್ಬರೂ ಕೇಳಲಿಲ್ಲೇನು?”

ಶಾಖೆಯಲ್ಲಿದ್ದ ನಾಲ್ಕೈದು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಶಾಂತಮ್ಮ ಕೌಂಟರಿನ ಎದುರಿನ ಬೆಂಚಿನ ಮೇಲೆ ಕುಳಿತು ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ತೆಗೆದರು. “ಸೀಲ್ ಬೀಳೂತನ ಇಲ್ಲೇ ಇರ್ತೀನಿ. ಹೆರಿಗಿಗೆ ಕುಂತು ರೂಢಿ ಐತಿ ನನಗ,” ಎಂದರು. ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಸ್ವೀಕೃತಿಯ ಸೀಲು ಬಿತ್ತು. ತಾರೀಖು ಸರಿಯಿದೆಯೇ ಎಂದು ಅವರು ಎರಡು ಸಲ ನೋಡಿದರು.

ಮರುದಿನ, ಶಿವರಾತ್ರಿಯ ಉಪವಾಸದಲ್ಲಿಯೇ ಅವರು ಇಪ್ಪತ್ತೇಳರ ಅಂಕಿಯಿದ್ದ ಎರಡು ಮನೆಗೆ ಹೋದರು. ಒಂದು ಮನೆಯವರು ಭಾನುವಾರ ಬಾಂಡು ಪಡೆದು ಸೋಮವಾರ ಗದ್ವಾಲಕ್ಕೆ ಬಂದು ಮರಳಿಸಿದರು. ಇನ್ನೊಂದು ಮನೆಯವರು, ದೇವರ ಪಾದದಿಂದ ಬಂದದ್ದನ್ನು ಹಿಂದಿರುಗಿಸಬಾರದು ಎಂದರು. ಶಾಂತಮ್ಮನ ಹಣ ಸಣ್ಣ ಖರ್ಚು ಕಳೆದು ಮಾರ್ಚ್ ಮಧ್ಯದಲ್ಲಿ ಖಾತೆಗೆ ಬಂತು. ಯುಗಾದಿಗೆ ಐದು ದಿನ ಇರುವಾಗ ಮನೆ ಅವರ ಹೆಸರಿಗಾಯಿತು.

ಉಳಿದ ಎಂಟು ಜನರ ಕಥೆ ಹಾಗೆ ಮುಗಿಯಲಿಲ್ಲ. ಅವರಲ್ಲಿ ಐವರು ದೂರು ಕೊಟ್ಟರು. ಐವರಿಗೂ ಒಂದೇ ಉತ್ತರ ಬಂತು: ಸಹಿ ನಿಮ್ಮದೇ ಇದೆ, ಅವಧಿ ಮುಗಿದಿದೆ, ಏಜೆಂಟರ ಪರವಾನಗಿ ಊರ್ಜಿತವಿದೆ. ಮೂರೂ ಮಾತು ನಿಜ, ಅದೇ ನನ್ನನ್ನು ಇಂದಿಗೂ ಕೆರಳಿಸುತ್ತದೆ. ಒಬ್ಬನ ಜೀವಮಾನದ ಗಳಿಕೆಯನ್ನು ದಾರಿ ತಪ್ಪಿಸಲು ನಿಯಮ ಮುರಿಯುವ ಅಗತ್ಯವೇ ಇರಲಿಲ್ಲ. ಮಾರುವವನಿಗೆ ಸಲಹೆಗಾರನ ವೇಷ ಹಾಕಿಕೊಳ್ಳಲು ಬಿಟ್ಟಿದ್ದರು, ಅಷ್ಟೇ ಸಾಕಾಗಿತ್ತು. ಕೆಲವು ವರ್ಷಗಳ ನಂತರ ಮ್ಯೂಚುವಲ್ ಫಂಡ್ ಮಾರುವವರು ಈ ಬಿರುದು ಬಳಸಬಾರದೆಂದು ನಿಯಂತ್ರಕರು ಕಟ್ಟುಮಾಡಿದರು. ಎಂಟು ಜನರಿಗೆ ಅದರಿಂದ ಏನೂ ಮರಳಿ ಬರಲಿಲ್ಲ.

ನನ್ನ ಸುದ್ದಿ ಮಾರ್ಚ್ ಮೊದಲ ವಾರ ಪ್ರಕಟವಾಯಿತು. ಅರ್ಜಿ ಟೈಪ್ ಮಾಡಿಕೊಟ್ಟದ್ದು ವರದಿಗಾರನೇ ಎಂಬ ಸಾಲೂ ಅದರಲ್ಲಿತ್ತು. ಅದರ ಜೊತೆ ಒಂದು ತಿದ್ದುಪಡಿಯೂ ಬರಬೇಕೆಂದು ಹಟ ಹಿಡಿದೆ. “ಬಿರುದಿಗೆ ಯಾರಯ್ಯ ತಿದ್ದುಪಡಿ ಹಾಕ್ತಾರೆ?” ಎಂದರು ಸಂಪಾದಕರು, ಆದರೂ ಹಾಕಿದರು. ಚಂದ್ರಶೇಖರಪ್ಪ ಒಂದು ಕಂಪನಿಯ ವಿಮಾ ಏಜೆಂಟರು, ಸಲಹೆಗಾರರಾಗಿ ನೋಂದಾಯಿತರಲ್ಲ, ವರದಿಗಾರ ಪರಿಶೀಲಿಸದೆ ಬರೆದಿದ್ದ, ವಿಷಾದಿಸುತ್ತೇವೆ ಎಂಬ ನಾಲ್ಕು ಸಾಲು, ಒಳಪುಟದ ಕೆಳಮೂಲೆಯಲ್ಲಿ.

ಆರೋಪ ಬರೆಯುವಾಗ ಎರಡು ಕಡೆ ವಿಚಾರಿಸಬೇಕೆಂದು ನನಗೆ ಮೊದಲ ದಿನವೇ ಕಲಿಸಿದ್ದರು. ಬಿರುದು ಬರೆಯುವಾಗಲೂ ವಿಚಾರಿಸಬೇಕೆಂದು ಕಲಿಯಲು ಇಪ್ಪತ್ತೆರಡು ವರ್ಷ ಬೇಕಾಯಿತು. ಹೆಸರಿನ ಹಿಂದೆ ನಾವು ಹಚ್ಚುವ ಒಂದು ಪದವನ್ನು ನಂಬಿ ಓದುಗರು ಏನು ಮಾಡುತ್ತಾರೆ ಎಂಬುದನ್ನು ನಾವು ನೋಡುವುದಿಲ್ಲ. ನಾನು ನೋಡಿದೆ. ಅಲ್ಲಿಂದ ನಿವೃತ್ತಿಯವರೆಗೆ ಯಾರ ವಿಸಿಟಿಂಗ್ ಕಾರ್ಡನ್ನೂ ನೋಡಿ ಬರೆಯಲಿಲ್ಲ. ನೋಂದಣಿ ಸಂಖ್ಯೆ ಕೇಳಿದೆ, ಕೊಡದಿದ್ದರೆ ಬರೀ ಹೆಸರು ಬರೆದೆ.

ಏಪ್ರಿಲ್‌ನಲ್ಲಿ ಒಮ್ಮೆ ಆ ಕಚೇರಿಯ ಮುಂದೆ ಹಾದುಹೋದೆ. ನಾಲ್ಕನೆಯ ಚೌಕಟ್ಟು ಗೋಡೆಯ ಮೇಲೆ ಹಾಗೇ ಇತ್ತು. ಶಾಂತಮ್ಮನಿಗೆ ಹೇಳಿದೆ. ತಿದ್ದುಪಡಿಯನ್ನು ಯಾರೂ ಚೌಕಟ್ಟು ಹಾಕಿಸುವುದಿಲ್ಲ ಅಕ್ಕಾ, ಎಂದೆ.

ಅವರು ಒಳಗೆ ಹೋಗಿ ಮನೆಯ ಹೊಸ ಕಾಗದಗಳಿದ್ದ ಚೀಲ ತಂದರು. ನೋಂದಣಿ ಪತ್ರದ ಮೇಲೆ ನಮ್ಮ ಪತ್ರಿಕೆಯ ಆ ನಾಲ್ಕು ಸಾಲು, ಪ್ಲಾಸ್ಟಿಕ್ ಹಾಳೆಯೊಳಗೆ ಅಂಟಿಸಿ, ಭದ್ರವಾಗಿತ್ತು.

“ಲ್ಯಾಮಿನೇಷನ್‌ಗೆ ಇಪ್ಪತ್ತು ರೂಪಾಯಿ ತಗೊಂಡ,” ಎಂದರು. “ಓಣ್ಯಾಗ ಯಾರರ ರಿಟೈರ್ ಆದ್ರ, ಮೊದಲ ಇದನ್ನ ಓದಸ್ತೀನಿ ತಮ್ಮಾ. ಇದರಾಗಿನ ವರದಿಗಾರ ಯಾರಂತ ನಿಮ್ಮ ಹೆಸರೂ ಕೇಳ್ತಾರ. ಹೇಳ್ತೀನಿ.”

“ಹೇಳ್ರಿ ಅಕ್ಕಾ,” ಎಂದೆ.